ಡೇರೆ ಕಿತ್ತ ರಾತ್ರಿ

ಗಾಯಗೊಂಡವರನ್ನು ಕೊಯ್ದು ಹೊಲಿಯುವ ಡೇರೆಯೊಳಗೆ ನಗೆಗೆ ಎಡೆಯುಂಟೆ? ಉಂಟೆಂದು ತೋರಿಸಿದವರು ಅಮೆರಿಕದ ‘ಮ್ಯಾಶ್’ ಎಂಬ ಟೆಲಿವಿಷನ್ ಹಾಸ್ಯಮಾಲಿಕೆಯ ಕರ್ತರು. 1972ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಮೊದಲಾಗಿ 1983ನೆಯ ಫೆಬ್ರವರಿ 28ರ ರಾತ್ರಿ ಮುಗಿದ ಈ ಮಾಲಿಕೆಯನ್ನು ನಮ್ಮ ಮಗಳು ಡಿಸ್ಕುಗಳ ಪೆಟ್ಟಿಗೆಯಾಗಿ ತಂದಿಟ್ಟು ಹೋದಳು. ಅಂದಿನಿಂದ ರಾತ್ರಿ ಊಟವಾದ ಮೇಲೆ ನಾವೂ ನಮ್ಮ ಮನೆಯಾಕೆಯೂ ದಿನಕ್ಕೆ ಒಂದೆರಡು ಕಂತುಗಳಂತೆ ನೋಡುತ್ತ ಬಂದೆವು. ಆಕೆ ಮೂವತ್ತು ವರ್ಷಗಳ ಕಾಲ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಅದರಲ್ಲಿ ಅರ್ಧಕ್ಕೂ ಮಿಕ್ಕ ಕಾಲ ಕಳೆದುದು ಆಪರೇಷನ್ ಥಿಯೇಟರಿನಲ್ಲಿ. ಆದಕಾರಣ ಈ ವಿಷಯದಲ್ಲಿ ಪರೀಕ್ಷಕಳೆಂದರೆ ಆಕೆಯೇ ಹೊರತು ನಾವಲ್ಲ.

ಕಥೆಯು ಕೊರಿಯಾ ಯುದ್ಧದ್ದು. ರಣರಂಗದ ಹಿಂಬದಿಯಲ್ಲಿ ಡೇರೆ ಹೂಡಿ, ಸೈನ್ಯವು ಸರಿದ ಹಾಗೆ ತಾನೂ ಸರಿಯುವ ಒಂದು ಸಂಚಾರಿ ಶಸ್ತ್ರಚಿಕಿತ್ಸಾಲಯ; ಅದರ ಸಂಖ್ಯೆ 4077. ಅಂಥ ಚಿಕಿತ್ಸಾಲಯಗಳು ನಿಜವಾಗಿಯೂ ಇದ್ದುವು. ನಮ್ಮ ದೇಶವೂ ಆ ಯುದ್ಧಕ್ಕೆ ಕಾದಾಡುವ ದಂಡನ್ನು ಕಳುಹಿಸದೆ, 1950ರಲ್ಲಿ ಲೆಫ್ಟೆನೆಂಟ್ ಕರ್ನಲ್ ಎ. ಜಿ. ರಂಗರಾಜರ ನಾಯಕತ್ವದಲ್ಲಿ 60ನೆಯ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯದಳವನ್ನು ಕಳುಹಿಸಿದ್ದಿತು. 1953ರ ಜುಲೈ 27ರಂದು ಕದನವಿರಾಮವಾದ ತರುವಾಯ, ತಾಯ್ನಾಡಿಗೆ ಮರಳಲೊಲ್ಲದ ಸೆರೆಯಾಳುಗಳ ವಿಚಾರಣೆಗೆಂದು ಏರ್ಪಟ್ಟ ತಟಸ್ಥ ರಾಷ್ಟ್ರಗಳ ಮಂಡಲಿಗೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಹಾಗಾಗಿ ಆ ಯುದ್ಧವು ನಮಗೆ ಅಷ್ಟೇನೂ ಪರಕೀಯವಲ್ಲ.

ಮೂರು ವರ್ಷದ ಯುದ್ಧವನ್ನು ಇವರು ಹನ್ನೊಂದು ವರ್ಷ ನಡೆಸಿದರಲ್ಲ ಎಂದು ಹಾಸ್ಯ ಮಾಡುವವರುಂಟು. ಅಷ್ಟು ದೀರ್ಘಕಾಲದಲ್ಲಿ ನಟರು ಬದಲಾದರು, ಲೇಖಕರು ಬದಲಾದರು. ಮೊದಮೊದಲಿನ ತುಂಟತನವು ಕಡಮೆಯಾಗಿ ಮಾತು ಗಂಭೀರವಾಯಿತು. ಕಡೆಯ ಎರಡು ಮೂರು ವರ್ಷಗಳಲ್ಲಿ ಉಪದೇಶವು ತುಸು ಹೆಚ್ಚಾಯಿತೆಂದೇ ನಮ್ಮ ಅಭಿಪ್ರಾಯ. ಹತ್ತನೆಯ ವರ್ಷದ ಹೊತ್ತಿಗೆ ನಟರಲ್ಲಿ ಕೆಲವರಿಗೂ ಇನ್ನು ಸಾಕೆಂದು ಅನ್ನಿಸಿದ್ದಿತು. ಕೊನೆಗೆ ಹದಿನಾರೇ ಕಂತುಗಳ ಒಂದು ಚಿಕ್ಕ ಹನ್ನೊಂದನೆಯ ವರ್ಷವನ್ನು ನಡೆಸಿ, ಎರಡೂವರೆ ಗಂಟೆಯ ಒಂದು ದೊಡ್ಡ ಕಂತಿನಿಂದ ಮಂಗಳ ಹಾಡುವುದೆಂದು ನಿಶ್ಚಯವಾಯಿತು. ಆ ಕಂತನ್ನು ನಿರ್ದೇಶಿಸಿದವರು ಹಾಕೈ ಎಂಬ ಮುಖ್ಯ ವೈದ್ಯನ ಪಾತ್ರವನ್ನು ವಹಿಸಿದ್ದ ಆಲನ್ ಆಲ್ಡಾ ಅವರೇ. ಅದನ್ನು ಆ ರಾತ್ರಿ ನೋಡಿದವರು ಸುಮಾರು 10 ಕೋಟಿ 60 ಲಕ್ಷ ಜನರೆಂದು ಲೆಕ್ಕ.

ಈ ಕಡೆಯ ವರ್ಷದ ಚಿತ್ರೀಕರಣವು ನಡೆಯುತ್ತಿರುವಾಗ, 1982ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯಾದ ಮಾಲಿಬು ಬೆಟ್ಟಗಳಲ್ಲಿ ಕಾಡುಕಿಚ್ಚು ಹಬ್ಬಿ ಹೊರಾಂಗಣದ ಡೇರೆಗಳಲ್ಲಿ ಹೆಚ್ಚಿನವು ಸುಟ್ಟುಹೋದುವು. ಕರ್ತರು ಆ ಕಿಚ್ಚನ್ನೇ ಕಥೆಯೊಳಕ್ಕೆ ತಂದುಕೊಂಡರು. ಅದಲ್ಲದೆ, ಎಲ್ಲಕ್ಕೂ ಕೊನೆಯದಾಗಿ ಚಿತ್ರಿತವಾದುದು ಮಂಗಳದ ಕಂತಲ್ಲ, ಅದರ ಹಿಂದಿನದು. ಶಿಬಿರದವರು ತಮ್ಮ ನೆನಪಿನ ಸಾಮಾನುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ನೆಲದಲ್ಲಿ ಹೂಳುವ ಕಥೆಯದು. ಹಿಂದೆಯೇ ಊರಿಗೆ ಮರಳಿದ ಗುಮಾಸ್ತೆಯ ಕರಡಿಗೊಂಬೆ, ಮನೆಗೆ ಹೊರಟು ವಿಮಾನದೊಡನೆ ಸಮುದ್ರದ ಪಾಲಾದ ಹಳೆಯ ದಳಪತಿಯ ಮೀನುಗಾಳ, ಹೀಗೆ ಒಂದೊಂದಾಗಿ ಒಳಗೆ ಹೋಗುವುವು. ಯುದ್ಧದ ಮಾತನ್ನು ಬದಿಗಿಟ್ಟು, ಸಾಮಾನು ಕಟ್ಟುವ ಮನೆಯವರಂತೆ ಅವರು ನಿಂತಿರುವ ಆ ನೋಟವೇ ನಮಗೆ ಬಹಳ ಹಿಡಿಸಿತು.

ಈ ಮಾಲಿಕೆಯಲ್ಲಿ ಮಾತುಮಾತಿಗೂ ಕಾಣದ ಜನರ ನಗುವಿನ ಸದ್ದು ಕೇಳಿಬರುವುದು. ಮಾಲಿಕೆಯನ್ನು ಪ್ರಸಾರಮಾಡಿದ ಸಂಸ್ಥೆಯವರ ಹಟವದು. ಆದರೆ ಶಸ್ತ್ರಚಿಕಿತ್ಸೆಯ ಡೇರೆಯೊಳಗೆ ಆ ಸದ್ದು ಕೂಡದೆಂದು ಕರ್ತರು ಹಿಡಿದು ನಿಂತು ಗೆದ್ದರು. ಅಲ್ಲಿ ವೈದ್ಯರು ಎಷ್ಟೇ ನಗೆಯಾಡಿದರೂ ಪಾತ್ರಗಳ ಹೊರತು ನಗುವವರಿಲ್ಲ. ನಮ್ಮ ಮನೆಯಾಕೆ ಇದನ್ನು ಮೊದಲನೆಯ ದಿನವೇ ಗಮನಿಸಿದಳು. “ಇದು ಸರಿ. ನಾವೂ ಒಳಗೆ ನಗುತ್ತಲೇ ಇದ್ದೆವು. ಇಲ್ಲದಿದ್ದರೆ ಬೆಳಗಾಗುವವರೆಗೆ ಕಾಲ ಮೇಲೆ ನಿಲ್ಲುವುದು ಹೇಗೆ? ಆದರೆ ಬಾಗಿಲ ಹೊರಗೆ ಕಾದು ಕುಳಿತವರು ಕೇಳಿಯಾರು ಎಂದು ಮೆಲ್ಲಗೆ ನಗುತ್ತಿದ್ದೆವು” ಎಂದಳು.

ಆಕೆ ಹೇಳುವ ಕಥೆಗಳಲ್ಲಿ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವುದು ಲಾಂದ್ರದ ಕಥೆ. ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ, ಮಳೆಗಾಲದ ಒಂದು ರಾತ್ರಿ, ಆಪರೇಷನ್ನಿನ ನಡುವೆ ದೀಪಗಳು ಆರಿಹೋದುವಂತೆ. ಲಾಂದ್ರ ಹಿಡಿದು ನಿಂತ ಮುದುಕ ಜವಾನನು ನಿಂತಲ್ಲಿಯೇ ತೂಕಡಿಸುತ್ತಿರಲು, ಬೆಳಕು ಒಮ್ಮೆ ಡಾಕ್ಟರ ಮೂಗಿನ ಮೇಲೆ, ಒಮ್ಮೆ ಮಾಡಿನ ಮೇಲೆ ಓಲಾಡುತ್ತಿತ್ತಂತೆ. “ಅಯ್ಯಾ, ಹೊಲಿಯಬೇಕಾದುದು ನನ್ನ ಮೂಗನ್ನಲ್ಲ” ಎಂದು ಡಾಕ್ಟರು ಗದರಿದರಂತೆ. ಆಕೆ ಜವಾನನ ಹಾಗೆ ತಲೆ ತೂಗಿ ಅಭಿನಯಿಸಿದಾಗ ನಗದವರಿಲ್ಲ. ಇಪ್ಪತ್ತೈದು ವರ್ಷಗಳಿಂದ ಹಬ್ಬಹುಣ್ಣಿಮೆಗಳಲ್ಲಿ ನೆಂಟರಿಷ್ಟರು ಕೇಳಿ ಹೇಳಿಸಿಕೊಂಡ ಕಥೆಯಿದು.

ಇನ್ನು ಮಂಗಳದ ಕಂತಿನ ವಿಷಯ. ಹಾಕೈ ಮನಸ್ಸು ಕೆಟ್ಟು ಚಿಕಿತ್ಸೆಗೆ ಸೇರಿರುವನು. ಸಮುದ್ರತೀರದ ವಿಹಾರದಿಂದ ಎಲ್ಲರೂ ಬಸ್ಸಿನಲ್ಲಿ ಹಿಂದಿರುಗುವಾಗ, ದಾರಿಯಲ್ಲಿ ಹತ್ತಿಸಿಕೊಂಡ ನಿರಾಶ್ರಿತರಲ್ಲಿ ಒಬ್ಬ ಹೆಂಗಸಿನ ಕೋಳಿಯು ಕೂಗಿಕೊಳ್ಳುತ್ತಿದ್ದಿತೆಂದು ಅವನು ಹೇಳುವನು. ಶತ್ರುಗಳು ಸಮೀಪದಲ್ಲಿದ್ದರು, ಸದ್ದಾದರೆ ಎಲ್ಲರಿಗೂ ಮರಣ. ಅದನ್ನು ಸುಮ್ಮನಾಗಿಸೆಂದು ಇವನು ಗದರಿದನು, ಅವಳು ಸುಮ್ಮನಾಗಿಸಿದಳು. ಮನೋವೈದ್ಯನು ಮೆಲ್ಲಮೆಲ್ಲನೆ ಕೇಳುತ್ತ ಹೋದಂತೆ, ಅದು ಕೋಳಿಯಲ್ಲವೆಂಬುದು ಹೊರಬೀಳುವುದು. ಅವಳ ಮಡಿಲಲ್ಲಿದ್ದುದು ಹಸುಗೂಸು.

ಮನೆಯಾಕೆ ಎದ್ದು ಒಳಗೆ ಹೋದಳು. ನೀರು ಕುಡಿಯಲು ಹೋದಳೆಂದೆಣಿಸಿ ನಾವು ಯಂತ್ರವನ್ನು ನಿಲ್ಲಿಸಿ ಕಾದೆವು. ಬಹಳ ಹೊತ್ತಾದರೂ ಬಾರದಿರಲು ಹೋಗಿ ನೋಡಿದರೆ, ಅಡಿಗೆಮನೆಯ ಹೊಸ್ತಿಲ ಬಳಿ ಕುಳಿತಿದ್ದಳು.

“ಲಾಂದ್ರದ ರಾತ್ರಿ ಮೇಜಿನ ಮೇಲೆ ಇದ್ದವಳು ಚೊಚ್ಚಲ ಬಾಣಂತಿ ಕಣ್ರೀ” ಎಂದಳು. “ಹತ್ತೊಂಬತ್ತು ವರ್ಷ. ಕೂಸು ಉಳಿಯಿತು. ಅವಳು ಉಳಿಯಲಿಲ್ಲ. ದೀಪವಿದ್ದಿದ್ದರೆ ಉಳಿಯುತ್ತಿದ್ದಳೋ ಏನೋ, ಡಾಕ್ಟರೂ ಹೇಳಲಿಲ್ಲ. ಬೆಳಗ್ಗೆ ಅವಳ ತಾಯಿಯ ಕೈಗೆ ಕೂಸನ್ನು ಕೊಟ್ಟವಳು ನಾನು.”

ಇಷ್ಟು ವರ್ಷಗಳಲ್ಲಿ ಆಕೆಯಾಗಿ ಇದನ್ನು ಹೇಳಿದುದಿಲ್ಲ. ಮೇಜಿನ ಮೇಲೆ ಇದ್ದವರು ಯಾರೆಂದು ನಾವು ಯಾರೂ ಕೇಳಿದುದೂ ಇಲ್ಲ. ಹೆಸರೇನೆಂದು ಈಗ ಕೇಳಿದೆವು. ಹೇಳಿದಳು, ಊರನ್ನೂ ಹೇಳಿದಳು. ಅವನ್ನು ಇಲ್ಲಿ ಬರೆಯುವುದು ಸಲ್ಲದು.

ಉಳಿದ ಭಾಗವನ್ನು ಮರುದಿನ ನೋಡಿದೆವು. ಅದರಲ್ಲಿ ವಿಂಚೆಸ್ಟರ್ ಎಂಬ ಬಿಂಕದ ವೈದ್ಯನೊಬ್ಬನು ಸೆರೆಸಿಕ್ಕ ಐವರು ಚೀನೀ ವಾದ್ಯಗಾರರಿಗೆ ಮೊಜಾರ್ಟನ ಕೃತಿಯೊಂದನ್ನು ಕಲಿಸುವನು. ಅವರನ್ನು ಸಾಗಿಸಿದ ಬಂಡಿಯು ಗುಂಡಿಗೆ ಗುರಿಯಾಗಿ ಐವರೂ ಸಾಯುವರು. ಆಮೇಲೆ ಆ ಸಂಗೀತದ ತಟ್ಟೆಯನ್ನು ಅವನು ತನ್ನ ಕೈಯಾರೆ ಒಡೆದುಹಾಕುವನು. ಇದನ್ನು ಕರ್ತರು ಬೇಕೆಂದೇ ಹೆಣೆದರೆಂದು ನಮಗೆ ತೋರಿ ಹಾಗೆಂದೆವು. ಆಕೆ ಒಪ್ಪಲಿಲ್ಲ. ಆ ಬಾಣಂತಿಯ ವಾರ್ಡಿನಲ್ಲಿ ರೇಡಿಯೋದಿಂದ ಕೇಳಿಬರುತ್ತಿದ್ದ ಒಂದು ಹಾಡನ್ನು ತಾನು ಇಂದಿಗೂ ಅರ್ಧದಲ್ಲಿಯೇ ನಿಲ್ಲಿಸುವುದುಂಟೆಂದಳು. ಹೌದು, ನಿಲ್ಲಿಸುವಳು, ಆ ಹಾಡು ಹಿಡಿಸದೆಂದೇ ನಾವು ತಿಳಿದಿದ್ದೆವು.

ನಗೆಗೂ ಕೊರತೆಯಿಲ್ಲ. ಸೈನ್ಯದಿಂದ ಬಿಡುಗಡೆ ಪಡೆಯುವ ಸಲುವಾಗಿ ವರ್ಷಗಟ್ಟಲೆ ಹೆಂಗಸಿನ ಉಡುಪು ತೊಟ್ಟು ಹುಚ್ಚನಂತೆ ನಟಿಸಿದ ಕ್ಲಿಂಗರನೇ, ಎಲ್ಲರೂ ಹೊರಟ ದಿನ, ಕೊರಿಯಾದ ಹೆಣ್ಣೊಬ್ಬಳನ್ನು ಮದುವೆಯಾಗಿ, ಕಳೆದುಹೋದ ಅವಳ ತಂದೆತಾಯಿಗಳನ್ನು ಹುಡುಕುವುದಕ್ಕಾಗಿ ಅಲ್ಲಿಯೇ ಉಳಿಯುವನು. ಇದಕ್ಕೆ ನಮ್ಮ ಮನೆಯಾಕೆ ಗಟ್ಟಿಯಾಗಿಯೇ ನಕ್ಕಳು. ವಿದಾಯದ ಮಾತನ್ನು ಬಾಯಿಬಿಟ್ಟು ಆಡಲಾರದ ಗೆಳೆಯ ಬಿ. ಜೆ.ಯು ಅದನ್ನು ನೆಲದ ಮೇಲೆ ಕಲ್ಲುಗಳಿಂದ ಬರೆದಿಟ್ಟು ಹೋಗಿರುವನು. ಹೆಲಿಕಾಪ್ಟರು ಮೇಲಕ್ಕೇರಿದಾಗಲೇ ಹಾಕೈಗೆ ಅದು ಕಾಣುವುದು.

ಕಳೆದ ದೀಪಾವಳಿಯಲ್ಲಿ ಮೊಮ್ಮಕ್ಕಳು ಬಂದಾಗ ಲಾಂದ್ರದ ಕಥೆ ಹೇಳೆಂದು ಅಜ್ಜಿಗೆ ದುಂಬಾಲು ಬಿದ್ದರು. ನಾವು ಮಾತು ಮರೆಸಲು ನೋಡಿದೆವು. ಆಕೆ ನಮ್ಮನ್ನು ಸುಮ್ಮನಿರಿಸಿ, ಹೇಳಿದಳು. ತಲೆಯನ್ನೂ ತೂಗಿದಳು, ಮೂಗಿನ ಮಾತನ್ನೂ ಆಡಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರಲ್ಲಿ ದೊಡ್ಡವಳಿಗೆ ಹದಿನೈದು ವರ್ಷ. ಅವಳು ನಗುವನ್ನು ನಿಲ್ಲಿಸಿ, “ಅಜ್ಜೀ, ಪೇಷೆಂಟಿಗೆ ಏನಾಯಿತು?” ಎಂದು ಕೇಳಿದಳು. ಆಕೆ ಚಿಕ್ಕವರನ್ನು ಹೂವಿನ ಬಾಣ ಹಚ್ಚಲು ಅಂಗಳಕ್ಕೆ ಕಳುಹಿಸಿ, ಅವಳೊಬ್ಬಳನ್ನು ಹತ್ತಿರ ಕೂರಿಸಿಕೊಂಡಳು.