ತಪ್ಪು ದಾರಿಯಿಂದಲೂ ಆಸ್ಪತ್ರೆಗೆ ದಾರಿ ಇರಲಿ

ಮೊದಲು ಈ ಪ್ರಶ್ನೆಗೆ ಉತ್ತರ ಹೇಳಿ.

ಮಳೆಗಾಲದ ರಾತ್ರಿ, ಎರಡು ಗಂಟೆ. ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದ ಅತ್ತೆ ಎದ್ದು ಕೂತು ಹೊಟ್ಟೆ ನೋವು ಅನ್ನುತ್ತಾರೆ. ವಾಂತಿ ಬಂದ ಹಾಗೆ ಆಗುತ್ತಿದೆಯಂತೆ. ಮೈಮೇಲೆ ಗಾಯ ಕಾಣುವುದಿಲ್ಲ, ಊತ ಇಲ್ಲ. ನೀವು ಏನು ಮಾಡುತ್ತೀರಿ?

ಒಂದು, ಜೀರಿಗೆ ಕಷಾಯ ಮಾಡಿ ಕೊಡುತ್ತೀರಿ.
ಎರಡು, ಬೆಳಗಾಗಲಿ ನೋಡೋಣ ಅನ್ನುತ್ತೀರಿ.
ಮೂರು, ಈಗಲೇ ಗಾಡಿಗೆ ಫೋನ್ ಮಾಡುತ್ತೀರಿ.

ಹೆಚ್ಚಿನವರು ಒಂದನ್ನೋ ಎರಡನ್ನೋ ಒತ್ತುತ್ತಾರೆ. ಅದು ದಡ್ಡತನವಲ್ಲ. ನಡುರಾತ್ರಿ ಹೊಟ್ಟೆ ನೋವು ಅಂದರೆ ಯಾರ ಮನೆಯಲ್ಲಾದರೂ ಮೊದಲು ಒಲೆ ಹಚ್ಚುತ್ತಾರೆಯೇ ಹೊರತು ಗಾಡಿ ಹುಡುಕುವುದಿಲ್ಲ. ಆದರೆ ಇಲ್ಲಿ ಅತ್ತೆಗೆ ಕಚ್ಚಿರುವುದು ಕಟ್ಟುಹಾವು. ಅದು ರಾತ್ರಿ ಓಡಾಡುವ ಹಾವು. ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಅದರ ಹಲ್ಲು ಸಣ್ಣದು. ಗುರುತು ಕಾಣದೇ ಇರಬಹುದು, ನೋವೂ ಆಗದೇ ಇರಬಹುದು. ಕೆಲವರಿಗೆ ಮೊದಲು ಬರುವುದು ಹೊಟ್ಟೆ ನೋವೇ. ಆಮೇಲೆ ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಎಂಜಲು ನುಂಗಲು ಆಗುವುದಿಲ್ಲ, ಮಾತು ತೊದಲುತ್ತದೆ, ಕೊನೆಗೆ ಉಸಿರು ಕಟ್ಟುತ್ತದೆ.

ಹಾವು ಕಡಿತದ ಬಗ್ಗೆ ಫೋನಿನಲ್ಲಿ ಒತ್ತುತ್ತಾ ಕಲಿಯುವ ಒಂದು ಪಾಠವನ್ನು ನಾವು ಕಟ್ಟುತ್ತಿದ್ದೇವೆ. ಮೇಲಿನದು ಅದರ ಮೊದಲ ಪರದೆ. ಓದುವವರು ಯಾವ ಉತ್ತರ ಒತ್ತುತ್ತಾರೋ ಅದಕ್ಕೆ ತಕ್ಕಂತೆ ಮುಂದಿನ ಪರದೆ ಬದಲಾಗುತ್ತದೆ. ಕೆರೆ ಕಾಲುವೆ ಕವಲಾಗಿ ಬೇರೆ ಬೇರೆ ಗದ್ದೆಗೆ ಹೋದ ಹಾಗೆ. ಇಂಥ ಪಾಠವನ್ನು ಹೇಗೆ ಕಟ್ಟುತ್ತಾರೆ, ಕಟ್ಟುವಾಗ ಯಾವುದು ಮುಖ್ಯ ಎಂದು ನಾವು ಕಂಡುಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತೇವೆ.

ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ನಮ್ಮೊಳಗೇ ಇದೆ. ನಮ್ಮ ಗುಂಪಿನ ಒಬ್ಬಳ ಚಿಕ್ಕಪ್ಪ ಹೀಗೆಯೇ ಹೋದರು. ಹೊಟ್ಟೆ ನೋವು ಅಂದಾಗ ಗ್ಯಾಸ್ಟ್ರಿಕ್ ಅಂದುಕೊಂಡರು. ಬೆಳಿಗ್ಗೆ ಮಾತು ತೊದಲಿದಾಗ ಲಕ್ವಾ ಹೊಡೆಯಿತು ಅಂದುಕೊಂಡರು. ಹಾವು ಎಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ.

ಅಂಥ ಮನೆ ಅವರದೊಂದೇ ಅಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಚ್ಚಿ ಸತ್ತರು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅದರ ಪ್ರಕಾರ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆಚ್ಚಿನವು ಹಳ್ಳಿಯಲ್ಲಿ, ಅದೂ ಮನೆಯಲ್ಲೇ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶ ಮಾಡಿದೆ.

ತಿಳಿವಳಿಕೆ ಹೇಳುವ ಬೋರ್ಡುಗಳು ಇಲ್ಲವೆಂದಲ್ಲ. ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಬೇಗ ಆಸ್ಪತ್ರೆಗೆ ಹೋಗಿ. ಕೇಳಿದರೆ ಶಾಲೆ ಮಕ್ಕಳೂ ಹೇಳುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಹಾವೇ ಕಾಣದಿದ್ದಾಗ, ಗಾಡಿ ಇಲ್ಲದಿದ್ದಾಗ, ಹಿರಿಯರು ಬೇರೆ ಮಾತು ಹೇಳುತ್ತಿದ್ದಾಗ ಬೋರ್ಡು ನೆನಪಿಗೆ ಬರುವುದಿಲ್ಲ. ಆ ಗಳಿಗೆಯನ್ನು ಮೊದಲೇ ಒಂದು ಸಲ ಅನುಭವಿಸಿ ನೋಡಿದವರಿಗೆ ಬರಬಹುದು. ಕವಲಿನ ಪಾಠದ ಉದ್ದೇಶ ಇಷ್ಟೇ.

ಈ ಯೋಚನೆ ಫೋನಿಗಿಂತ ಎಷ್ಟೋ ಹಳೆಯದು. ಅಮೆರಿಕದ ವಾಯುಪಡೆಯಲ್ಲಿ ಯಂತ್ರದ ದೋಷ ಹುಡುಕುವವರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದ ನಾರ್ಮನ್ ಕ್ರೌಡರ್ ಎಂಬುವವರು 1950ರ ದಶಕದ ಕೊನೆಯಲ್ಲಿ ಇಂಥ ಪುಸ್ತಕಗಳನ್ನೇ ಮಾಡಿದ್ದರು. ಪ್ರಶ್ನೆಗೆ ಈ ಉತ್ತರ ಎಂದುಕೊಂಡರೆ ಈ ಪುಟ, ಆ ಉತ್ತರ ಎಂದುಕೊಂಡರೆ ಆ ಪುಟ. ತಪ್ಪು ಉತ್ತರದ ಪುಟಕ್ಕೆ ಹೋದರೆ ಅಲ್ಲಿ ಆ ತಪ್ಪು ಏಕೆ ಆಗುತ್ತದೆ ಎಂಬ ವಿವರ ಇರುತ್ತಿತ್ತು. ಅದೇ ಕಾಲದ ಬಿ. ಎಫ್. ಸ್ಕಿನ್ನರ್ ಅವರ ದಾರಿ ಬೇರೆ. ಕಲಿಯುವವರು ತಪ್ಪು ಮಾಡಲು ಆಸ್ಪದವೇ ಇರದಷ್ಟು ಸಣ್ಣ ಸಣ್ಣ ಹೆಜ್ಜೆಯಲ್ಲಿ ಪಾಠ ಸಾಗಬೇಕು ಎನ್ನುತ್ತಿದ್ದರು. ಹಾವಿನ ವಿಷಯದಲ್ಲಿ ನಮಗೆ ಬೇಕಾದದ್ದು ಕ್ರೌಡರ್ ದಾರಿ. ತಪ್ಪಿನ ಪುಟವೇ ಇಲ್ಲಿ ಪಾಠ.

ಈಗ ಸಲಕರಣೆಯ ವಿಷಯ. ಇಂಥ ಪಾಠ ಕಟ್ಟಲು ಆರ್ಟಿಕ್ಯುಲೇಟ್ ಸ್ಟೋರಿಲೈನ್‌ನಂಥ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗಳಿವೆ. ನಾವು ಬಳಸುತ್ತಿರುವುದು ಎಚ್‌5ಪಿ. ನಾರ್ವೆಯಲ್ಲಿ ಹುಟ್ಟಿದ್ದು, ಉಚಿತ. ಅದರಲ್ಲಿ ಬ್ರಾಂಚಿಂಗ್ ಸಿನಾರಿಯೊ ಎಂಬ ಬಗೆ ಇದೆ. ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಒಂದು ಪಕ್ಕದಲ್ಲಿ ಪಠ್ಯ, ಚಿತ್ರ, ವಿಡಿಯೊ, ಕವಲು ಪ್ರಶ್ನೆ ಎಂಬ ಪಟ್ಟಿ ಇರುತ್ತದೆ. ಬೇಕಾದದ್ದನ್ನು ಎಳೆದು ಪಕ್ಕದ ಖಾಲಿ ಜಾಗಕ್ಕೆ ಬಿಟ್ಟರೆ ವಂಶವೃಕ್ಷದ ಹಾಗೆ ಒಂದು ಮರ ಬೆಳೆಯುತ್ತದೆ. ಪ್ರತಿ ಉತ್ತರಕ್ಕೂ ಮುಂದೆ ಏನು ಎಂದು ಹೇಳಬೇಕು: ಹೊಸ ಪರದೆಯೋ, ಮರದ ಬೇರೆ ಕೊಂಬೆಗೆ ಜಿಗಿತವೋ, ಅಲ್ಲೇ ಮುಕ್ತಾಯವೋ. ಗುಂಡಿಗಳ ಮೇಲಿನ ಇಂಗ್ಲಿಷ್ ಪದ ತೆಗೆದು 'ಮುಂದೆ', 'ಮತ್ತೆ ಮೊದಲಿಂದ' ಎಂದು ಕನ್ನಡದಲ್ಲೇ ಬರೆಯಬಹುದು. ಲೂಮಿ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್‌ನಿಂದ ಇಡೀ ಪಾಠವನ್ನು ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿಕೊಳ್ಳಬಹುದು. ಸಿಗ್ನಲ್ ಸಿಗದ ಊರಿಗೆ ಇದು ದೊಡ್ಡ ಅನುಕೂಲ.

ಬಳಸುವುದು ಕಲಿಯಲು ಎರಡು ದಿನ ಸಾಕು. ಕಷ್ಟ ಇರುವುದು ಲೆಕ್ಕದಲ್ಲಿ. ಐದು ಪ್ರಶ್ನೆ, ಪ್ರತಿಯೊಂದಕ್ಕೂ ಎರಡೇ ಉತ್ತರ ಎಂದುಕೊಳ್ಳಿ. ಕವಲಾದ ದಾರಿಗಳು ಎಲ್ಲೂ ಮತ್ತೆ ಸೇರದಿದ್ದರೆ ಪ್ರಶ್ನೆಯ ಪರದೆಗಳೇ 31, ಮುಕ್ತಾಯದ ಪರದೆಗಳು 32, ಒಟ್ಟು 63. ಉತ್ತರ ಮೂರಾದರೆ ಒಟ್ಟು 364. ಅಷ್ಟು ಬರೆಯುವವರು ಯಾರು? ಅದಕ್ಕೆ ಎಲ್ಲರೂ ಮಾಡುವ ಉಪಾಯ, ಕವಲಾದ ದಾರಿಗಳನ್ನು ಎರಡು ಮೂರು ಪರದೆ ಆದ ಮೇಲೆ ಮತ್ತೆ ಒಂದೇ ರಸ್ತೆಗೆ ತಂದು ಸೇರಿಸುವುದು.

ಹಾವಿನ ಪಾಠದಲ್ಲಿ ಹಾಗೆ ಸೇರಿಸುವುದಕ್ಕೆ ಒಂದು ತೊಡಕಿದೆ: ಹೊತ್ತು. ಕಷಾಯ ಕುಡಿಸಿ ಕಾದವರೂ ಕೂಡಲೇ ಫೋನ್ ಮಾಡಿದವರೂ ಆಂಬ್ಯುಲೆನ್ಸ್ ಪರದೆಗೆ ಬಂದು ಸೇರುತ್ತಾರೆ, ಸರಿ. ಆದರೆ ಒಬ್ಬರ ಗಡಿಯಾರದಲ್ಲಿ 2:20, ಇನ್ನೊಬ್ಬರದರಲ್ಲಿ 4:30. ಸ್ಟೋರಿಲೈನ್‌ನಲ್ಲಾದರೆ ಗಂಟೆಯನ್ನು ನೆನಪಿಟ್ಟುಕೊಳ್ಳಲು ವೇರಿಯಬಲ್ ಎಂಬ ಡಬ್ಬಿ ಇದೆ. ಎಚ್‌5ಪಿಯ ಈ ಬಗೆಯಲ್ಲಿ ಅಂಕ ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ. ಹಾಗಾಗಿ ಆಂಬ್ಯುಲೆನ್ಸ್ ಪರದೆಯನ್ನು ಎರಡು ಮಾಡಿದೆವು. ಮಾತು ಅದೇ, ಮೇಲಿನ ಗಂಟೆ ಬೇರೆ, ಅತ್ತೆಯ ಸ್ಥಿತಿ ಬೇರೆ. ಹೊತ್ತು ಮುಖ್ಯವಲ್ಲದ ಕಡೆ ದಾರಿ ಸೇರಿಸುವುದು, ಮುಖ್ಯವಾದ ಕಡೆ ಎಷ್ಟೇ ಪರದೆ ಹೆಚ್ಚಾದರೂ ಬೇರೆಯಾಗಿಯೇ ಇಡುವುದು. ಈ ನಿಯಮ ಹಾಕಿಕೊಂಡ ಮೇಲೆ ಮರ ಕೈಗೆ ಬಂತು.

ಇನ್ನು ನಿಜವಾದ ಕೆಲಸ, ತಪ್ಪು ಉತ್ತರ ಬರೆಯುವುದು. ಅದನ್ನು ಮೇಜಿನ ಮುಂದೆ ಕೂತು ಹುಟ್ಟಿಸಲು ಆಗುವುದಿಲ್ಲ. 'ಹಾವಿಗೆ ಹಾಲು ಎರೆಯುತ್ತೀರಿ' ಎಂದು ಉತ್ತರ ಇಟ್ಟರೆ ಯಾರೂ ಒತ್ತುವುದಿಲ್ಲ. ನಕ್ಕು ಸರಿ ಉತ್ತರ ಒತ್ತಿ ಮುಂದೆ ಹೋಗುತ್ತಾರೆ, ಕಲಿತದ್ದು ಏನೂ ಇಲ್ಲ. ತಪ್ಪು ಉತ್ತರ ನೋಡಿದರೆ 'ಹೌದಲ್ಲ, ನಾನೂ ಹೀಗೇ ಮಾಡುತ್ತಿದ್ದೆ' ಅನ್ನಿಸಬೇಕು. ಅದಕ್ಕೆ ಊರಿನಲ್ಲಿ ಕೇಳಬೇಕು.

ಕೇಳುವುದರಲ್ಲೂ ಒಂದು ರೀತಿ ಇದೆ. 'ಹಾವು ಕಚ್ಚಿದರೆ ಏನು ಮಾಡಬೇಕು?' ಅಂದರೆ ಬೋರ್ಡಿನ ಉತ್ತರ ಬರುತ್ತದೆ. 'ನಿಮ್ಮ ಮನೆಯಲ್ಲಿ ಹೀಗಾದಾಗ ಮೊದಲು ಏನು ಮಾಡಿದಿರಿ?' ಅಂದರೆ ಕಥೆ ಬರುತ್ತದೆ. ಹಾಲಿನ ಡೇರಿ ಸಾಲಿನಲ್ಲಿ, ಬಸ್ ಸ್ಟ್ಯಾಂಡ್ ಕಟ್ಟೆಯ ಮೇಲೆ ಹೀಗೆ ಕೇಳುತ್ತಾ ಹೋದೆವು. ಒಬ್ಬರು, ಡಾಕ್ಟರಿಗೆ ತೋರಿಸಬೇಕಲ್ಲ ಎಂದು ಹಾವನ್ನು ಹುಡುಕುತ್ತಾ ಅರ್ಧ ಗಂಟೆ ಕಳೆದೆವು ಅಂದರು. ಇನ್ನೊಬ್ಬರು ಗಾಡಿ ಬಾಡಿಗೆಗೆ ದುಡ್ಡು ಹೊಂದಿಸುತ್ತಿದ್ದರಂತೆ. ಒಬ್ಬ ತಾಯಿ ಹೇಳಿದ್ದು: 'ಅವರು ಊರಲ್ಲಿರಲಿಲ್ಲ. ಕೇಳದೆ ಹೇಗೆ ಕರಕೊಂಡು ಹೋಗೋದು ಅಂತ ಕಾದೆ.' ಈ ಮೂರೂ ನಮ್ಮ ಪಾಠದಲ್ಲಿ ಉತ್ತರಗಳಾಗಿ ಇವೆ. ಪತ್ರಿಕೋದ್ಯಮ ಓದುವಾಗ ಕಲಿತ ವರದಿಗಾರಿಕೆ ಇಲ್ಲಿ ಕೆಲಸಕ್ಕೆ ಬಂತು.

ಹಾವು ಹುಡುಕಲು ಹೋದವರಿಗೆ ಮುಂದಿನ ಪರದೆಯಲ್ಲಿ ಡಾಕ್ಟರ್ ಹೇಳುವುದು ಇದು: ನಮ್ಮಲ್ಲಿ ಕೊಡುವ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ. ಹಾವನ್ನು ಹೊಡೆದು ತರುವ ಅಗತ್ಯವಿಲ್ಲ.

ಬೇರು ಅರೆದು ಕೊಡುವವರ ವಿಷಯ ಇನ್ನೂ ಸೂಕ್ಷ್ಮ. 'ಹೋದ ವರ್ಷ ಅವನಿಗೂ ಕಚ್ಚಿತ್ತು, ಔಷಧಿ ಕೊಟ್ಟರು, ಬದುಕಿದ' ಎಂದು ಅಜ್ಜಿ ಹೇಳಿದರೆ ಅದು ಸುಳ್ಳಲ್ಲ. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಆಗ ಯಾವ ಬೇರು ಕೊಟ್ಟರೂ ಮನುಷ್ಯ ಬದುಕುತ್ತಾನೆ. ಅಜ್ಜಿಯ ಮಾತನ್ನು ನಾವು ಪಾಠದಿಂದ ತೆಗೆಯಲಿಲ್ಲ, ಪ್ರಶ್ನೆಯೊಳಗೇ ಇಟ್ಟೆವು. ಮನೆಯಲ್ಲಿ ಆ ಮಾತು ಬಂದೇ ಬರುತ್ತದೆ. ಅದನ್ನು ಕೇಳಿಸಿಕೊಂಡೂ ಗಾಡಿ ಹತ್ತುವುದನ್ನು ಕಲಿಯಬೇಕು.

ಎರಡನೇ ಕಥೆ ಹಗಲಿನದು. ಗದ್ದೆ ಬದುವಿನಲ್ಲಿ ಕೊಳಕುಮಂಡಲ ಕಾಲಿಗೆ ಕಚ್ಚುತ್ತದೆ. ಒಂದು ಉತ್ತರ, ಟವೆಲ್ ಬಿಗಿಯಾಗಿ ಕಟ್ಟುವುದು. ಅದನ್ನು ಒತ್ತಿದರೆ 'ತಪ್ಪು' ಎಂದು ಹೇಳಿ ಕಥೆ ಮುಗಿಸಬಹುದಿತ್ತು. ಆದರೆ ಕಟ್ಟಿಬಿಟ್ಟವರಿಗೂ ಮುಂದಿನ ಹೆಜ್ಜೆ ಬೇಕು. ಆಸ್ಪತ್ರೆ ತಲುಪುವ ಮೊದಲು ಗಾಬರಿಯಿಂದ ಕಟ್ಟನ್ನು ಫಕ್ಕನೆ ಬಿಚ್ಚಿದರೆ ತಡೆದು ನಿಂತ ವಿಷ ಒಮ್ಮೆಲೇ ಮೈಗೆ ಹರಿಯುವ ಅಪಾಯವಿದೆ. ಡಾಕ್ಟರ್ ಎದುರಿಗೇ ಬಿಚ್ಚಬೇಕು. ಹಾಗಾಗಿ ಆ ಕೊಂಬೆಯಲ್ಲಿ ಇನ್ನೊಂದು ಪ್ರಶ್ನೆ ಬೆಳೆಯಿತು. ಅಲ್ಲಿಂದ ದಾರಿ ಮತ್ತೆ ಆಸ್ಪತ್ರೆಗೇ ಹೋಗುತ್ತದೆ: ಉಂಗುರ, ಕಾಲುಂಗುರ ತೆಗೆಯುವುದು, ಮೂಳೆ ಮುರಿದಾಗ ಕಟ್ಟುವ ಹಾಗೆ ಕಾಲು ಅಲ್ಲಾಡದಂತೆ ಕೋಲು ಇಟ್ಟು ಕಟ್ಟುವುದು, ನಡೆಸದೆ ಎತ್ತಿಕೊಂಡು ಹೋಗುವುದು, 108ಕ್ಕೆ ಫೋನ್ ಮಾಡುವುದು. ಅದು ಬರುವುದು ತಡವಾದರೆ ಬೈಕಿನಲ್ಲಿ ಮಧ್ಯೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಂಡು ಹೊರಡುವುದು.

ಪರದೆಯಲ್ಲಿ ಎಲ್ಲೂ ಕೆಂಪು ಕತ್ತರಿ ಗುರುತು ಇಡಬಾರದು, ಅಂಕವೂ ಬೇಡ ಎಂದು ಪಟ್ಟು ಹಿಡಿದವಳು ಚಿಕ್ಕಪ್ಪನನ್ನು ಕಳೆದುಕೊಂಡ ಗೆಳತಿ. 'ಆ ರಾತ್ರಿ ಸೋಡಾ ಕರಗಿಸಿ ಕೊಟ್ಟದ್ದು ನನ್ನ ಚಿಕ್ಕಮ್ಮ. ಅವರೂ ಇದನ್ನು ಒತ್ತಿ ನೋಡುತ್ತಾರೆ' ಅಂದಳು. ಅಂಕ ಬೇಡ ಎಂಬ ಆಯ್ಕೆ ಎಚ್‌5ಪಿಯಲ್ಲೇ ಇದೆ, ಅದನ್ನೇ ಹಾಕಿದೆವು. ತಪ್ಪು ಎಂಬ ಪದದ ಬದಲು ಆಮೇಲೆ ಏನಾಯಿತು ಎಂಬುದನ್ನು ಮಾತ್ರ ಬರೆದೆವು. 'ಕಷಾಯ ಕುಡಿದ ಮೇಲೆ ಅತ್ತೆ ಮಲಗಿದರು. 4:10ಕ್ಕೆ ನೀರು ಕೇಳಿದರು, ನುಂಗಲು ಆಗಲಿಲ್ಲ.' ಇಷ್ಟು ಸಾಕು.

ಸಾವನ್ನು ತೋರಿಸಬೇಕೇ ಬೇಡವೇ ಎಂದು ನಮ್ಮಲ್ಲಿ ಎರಡು ಗುಂಪಾಯಿತು. ತೋರಿಸದಿದ್ದರೆ ಹೊತ್ತಿನ ಬೆಲೆ ತಿಳಿಯುವುದಿಲ್ಲ ಎಂದು ಕೆಲವರು, ಹೆದರಿಸಿ ಕಲಿಸುವುದು ಬೇಡ ಎಂದು ಕೆಲವರು. ಕೊನೆಗೆ ಗೆಳತಿಯೇ ಆ ಪರದೆ ಬರೆದಳು. ಬೆಳಿಗ್ಗೆ ಏಳೂವರೆ. ಅತ್ತೆಗೆ ಉಸಿರಾಡಲು ಆಗುತ್ತಿಲ್ಲ. ಉಸಿರಾಟದ ಯಂತ್ರ ಇರುವ ಆಸ್ಪತ್ರೆ ಇನ್ನೂ ಒಂದು ಗಂಟೆ ದೂರ. ಅಲ್ಲಿಗೆ ಕಥೆ ನಿಲ್ಲುತ್ತದೆ. ಕೆಳಗೆ ಒಂದೇ ಒಂದು ಗುಂಡಿ: 'ರಾತ್ರಿ ಎರಡು ಗಂಟೆಗೆ ಹಿಂತಿರುಗಿ.' ಬರೆದು ಮುಗಿಸಿ, 'ಇದೊಂದು ನಮ್ಮ ಮನೆಯಲ್ಲಿ ಇರಲಿಲ್ಲ' ಅಂದಳು. ನಾವು ಯಾರೂ ಆ ಪರದೆಯ ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ನಿಮ್ಮೂರಿನ ವಿಷಯಕ್ಕೂ ಇಂಥದ್ದೊಂದು ಪಾಠ ಕಟ್ಟಬಹುದು. ಓಟಿಪಿ ಕೇಳುವ ಮೋಸದ ಫೋನು, ಔಷಧಿ ಸಿಂಪಡಿಸುವಾಗ ತಲೆ ಸುತ್ತಿ ಬೀಳುವುದು, ಹೆರಿಗೆ ನೋವು ಶುರುವಾದ ರಾತ್ರಿ, ಯಾವುದಾದರೂ ಸರಿ. ಲ್ಯಾಪ್‌ಟಾಪ್ ಆಮೇಲೆ. ಮೊದಲು ಹಳೆ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮರ ಬರೆಯಿರಿ. ಮೂರು ಪ್ರಶ್ನೆಗಿಂತ ಹೆಚ್ಚು ಬೇಡ. ಪ್ರಶ್ನೆ ಫೋನಿನ ಒಂದು ಪರದೆಯಲ್ಲಿ ಮುಗಿಯಲಿ, ಉತ್ತರಗಳು ಒಂದೊಂದು ಸಾಲು ಇರಲಿ. ಸರಿ ಉತ್ತರವೇ ಎಲ್ಲಕ್ಕಿಂತ ಉದ್ದ ಇರದಂತೆ ನೋಡಿಕೊಳ್ಳಿ, ಉದ್ದ ನೋಡಿಯೇ ಜನ ಕಂಡುಹಿಡಿಯುತ್ತಾರೆ. ವೈದ್ಯಕೀಯ ವಿಷಯವಾದರೆ ಪ್ರತಿ ಪರದೆಯನ್ನೂ ಡಾಕ್ಟರಿಗೆ ಓದಿ ಹೇಳಿ. ಆಮೇಲೆ ಆ ಹಾಳೆಯನ್ನು ಅಕ್ಕಪಕ್ಕದ ಮನೆಯವರ ಮುಂದೆ ಇಟ್ಟು, ಇದರಲ್ಲಿ ಯಾವುದನ್ನು ಮಾಡುತ್ತೀರಿ ಎಂದು ಕೇಳಿ. ಯಾರೂ ಬೆರಳಿಡದ ತಪ್ಪು ಉತ್ತರವನ್ನು ಅಳಿಸಿ, ಅವರು ಬಾಯಲ್ಲಿ ಹೇಳಿದ್ದನ್ನು ಆ ಜಾಗದಲ್ಲಿ ಬರೆಯಿರಿ.