ಅಂಚಿನ ಮೇಲೆ ಅಂಚು

2003ರ ಜನವರಿ 29ರಂದು ಯೂರೋಪಿನ ಇಂಟೆಗ್ರಲ್ ಉಪಗ್ರಹದ ಕಣ್ಣಿಗೆ ಐಜಿಆರ್ ಜೆ16318-4848 ಎಂಬ ಜೋಡಿ ಬಿತ್ತು. ದೈತ್ಯ ನಕ್ಷತ್ರವೊಂದು ಅನಿಲವನ್ನು ಗಾಳಿಯಾಗಿ ಹೊರಚೆಲ್ಲುತ್ತಿದೆ. ಅದರ ಸಂಗಾತಿಯಾದ ಪುಟ್ಟ, ಅತಿ ಸಾಂದ್ರ ಕಾಯ ಅದನ್ನು ಸೆಳೆದುಕೊಂಡು ಎಕ್ಸ್-ಕಿರಣ ಸೂಸುತ್ತಿದೆ. ಆದರೆ ಆ ಗಾಳಿಯೇ ಮುಸುಕೂ ಆಗಿದೆ. ನಮ್ಮ ನೋಟದ ದಾರಿಯಲ್ಲಿ ಒಂದೊಂದು ಚದರ ಸೆಂಟಿಮೀಟರಿಗೂ ನಿಂತಿರುವ ಹೈಡ್ರೋಜನ್ ಪರಮಾಣುಗಳನ್ನು ಎಣಿಸಹೊರಟರೆ 1ರ ಮುಂದೆ 24 ಸೊನ್ನೆ ಬರೆಯಬೇಕು. ಕಡಿಮೆ ಶಕ್ತಿಯ ಮೃದು ಕಿರಣಗಳು ಒಳಗೇ ಇಂಗಿಹೋಗುತ್ತವೆ, ಹೆಚ್ಚು ಶಕ್ತಿಯ ಗಡಸು ಕಿರಣಗಳಷ್ಟೇ ತೂರಿ ಬರುತ್ತವೆ.

ಇಂಥಲ್ಲಿ, ತೂರಿ ಬಂದ ಕಿರಣಗಳ ಏರಿಳಿತದಲ್ಲಿ ಮರುಕಳಿಸುವ ಲಯವನ್ನು, ಅಂದರೆ ಆವರ್ತವನ್ನು, ಹುಡುಕುವವರಿಗೆ ಹಬ್ಬ.

ಅವರ ಕಸುಬಿನ ಸಾಮಗ್ರಿ ಬಹಳ ಸರಳ. 2004ರಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹ ಗಡಸು ಕಿರಣಗಳಲ್ಲಿ ಆಕಾಶವನ್ನು ಸೋಸುತ್ತ ಬಂದಿದೆ, ಅದರ ಅಂಕಿಗಳು ಯಾರಿಗೆ ಬೇಕಾದರೂ ಲಭ್ಯ. ಹಾಳೆಯ ಮೇಲೆ ಹರಡಿದರೆ ಬರೀ ಚುಕ್ಕೆಗಳ ಚೆಲ್ಲಾಪಿಲ್ಲಿ. ಆಗ ಮಡಿಸುವ ಕೆಲಸ ಶುರು: ಒಂದು ಅವಧಿಯನ್ನು ಊಹಿಸಿ, ವರ್ಷಗಳ ಅಳತೆಯನ್ನು ಆ ಅವಧಿಯ ತುಂಡುಗಳಾಗಿಸಿ ಒಂದರ ಮೇಲೊಂದು ಇಡುವುದು. ಊಹೆ ತಪ್ಪಿದರೆ ಏರು ತಗ್ಗುಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಸರಿಯಾದರೆ, ಚೆನ್ನಾಗಿ ಮಡಿಸಿದ ಸೀರೆಯ ಹಾಗೆ ಅಂಚಿನ ಮೇಲೆ ಅಂಚು ಬಂದು ಕೂರುತ್ತದೆ. ಸಾವಿರಾರು ಊಹೆಗಳಲ್ಲಿ ಒಂದಕ್ಕೆ ಮಾತ್ರ ಆ ಭಾಗ್ಯ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ಮಲ್ ಅಯ್ಯರ್ ಮತ್ತು ಬಿಸ್ವಜಿತ್ ಪಾಲ್ 2017ರಲ್ಲಿ ಈ ಜೋಡಿಯ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೆ ಕೂತದ್ದು ಸುಮಾರು 80 ದಿನಗಳ ಆವರ್ತ.

ಸಿಕ್ಕಿತೆಂದು ಕುಣಿಯುವ ಮುಂಚೆ ಸಂಶಯಪಡುವುದೂ ಈ ಕಲೆಯ ಭಾಗವೇ. ಸೂರ್ಯ ಅಡ್ಡ ಬರುವುದರಿಂದ ಒಂದು ವರ್ಷದ ಸುಳ್ಳು ಆವರ್ತ ಕಾಣಬಹುದು. ನಿಜವಾದದ್ದರ ಅರ್ಧವೋ ಇಮ್ಮಡಿಯೋ ಮುಂದೆ ಬಂದು ನಿಲ್ಲಬಹುದು. ಅಂಕಿಗಳನ್ನು ಎರಡು ಪಾಲು ಮಾಡಿ, ಎರಡರಲ್ಲೂ ಅದೇ ಲಯ ಇದೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ಸೊಗಸಿನ ಉದಾಹರಣೆ ಜಿಎಕ್ಸ್ 301-2 ಎಂಬ ಇಂಥದೇ ಇನ್ನೊಂದು ಜೋಡಿ. ಅಲ್ಲಿನ ನ್ಯೂಟ್ರಾನ್ ನಕ್ಷತ್ರ ಹನ್ನೊಂದು ನಿಮಿಷಕ್ಕೆ ತುಸು ಹೆಚ್ಚು ಸಮಯದಲ್ಲಿ ಒಮ್ಮೆ ಮಿಡಿಯುತ್ತದೆ. ಮೊಟ್ಟೆಯಾಕಾರದ ಕಕ್ಷೆಯನ್ನು ಸುಮಾರು 41.5 ದಿನಗಳಲ್ಲಿ ಸುತ್ತುತ್ತದೆ. ಸಂಗಾತಿಗೆ ತೀರಾ ಹತ್ತಿರ ಬಂದಾಗ ಅದು ಹೆಚ್ಚು ಉರಿಯಬೇಕಲ್ಲವೇ? ಇಲ್ಲ, ಸುಮಾರು ಒಂದೂವರೆ ದಿನ ಮೊದಲೇ ಭುಗಿಲೆನ್ನುತ್ತದೆ! ದೈತ್ಯನಿಂದ ಹೊರಟ ದಟ್ಟ ಅನಿಲದ ಹರಿವೊಂದನ್ನು ಅದು ಆಗ ಹಾಯುತ್ತದೆ ಎಂಬುದು ಪ್ರಬಲ ವಿವರಣೆ. ಮುಖವನ್ನೇ ತೋರದ ಜೋಡಿಯ ಅಂಗಳದಲ್ಲಿ ಹರಿಯುವ ಹೊಳೆಯ ಸುಳಿವು, ಬರಿಯ ಒಂದೂವರೆ ದಿನದ ಅಂತರದಿಂದ. ಮಡಿಸುವವರ ದಣಿವೆಲ್ಲ ಇಲ್ಲಿ ಸಾರ್ಥಕ.

ಲಯ ಗೊತ್ತಿರುವುದರಿಂದಲೇ ಅದರ ಮುಂದಿನ ಭುಗಿಲು ಯಾವ ದಿನವೆಂದು ಈಗಲೇ ಲೆಕ್ಕ ಹಾಕಿ, ದೂರದರ್ಶಕಕ್ಕೆ ಸಮಯ ಕಾದಿರಿಸಬಹುದು.