ಹಾಡಿಗೆ ಎಷ್ಟು ಅನುರಣನ ಬೇಕು?

ಗುಂಡ್ಯದ ಸಮೀಪದ ತೋಟದ ಮನೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಒಂದು ಕೋಣೆಯನ್ನು ಧ್ವನಿಮುದ್ರಣಕ್ಕೆಂದು ಸಜ್ಜುಗೊಳಿಸುತ್ತಿದ್ದಾನೆ. ಅವನ ತಂದೆಯವರು ಹವ್ಯಾಸಿ ಭಾಗವತರು, ಈಗ 78ರ ಪ್ರಾಯ. ಊರಿನ ತಾಳಮದ್ದಳೆ ಕೂಟಗಳಲ್ಲಿ ಅವರು ಹಾಡುತ್ತ ಬಂದ ಪದ್ಯಗಳನ್ನು, ಉಸಿರು ಗಟ್ಟಿಯಾಗಿರುವಾಗಲೇ ದಾಖಲಿಸಿಡಬೇಕೆಂಬುದು ಮಗನ ಹಂಬಲ. “ಸರ್, ಸ್ವರಕ್ಕೆ ಎಕೋ ಕೊಡುವ ಯಂತ್ರ ಯಾವುದನ್ನು ಕೊಳ್ಳಲಿ?” ಎಂದು ಕೇಳಿದ್ದಾನೆ. ಮನೆಯಲ್ಲಿ ಹಾಡುವವರಿರುವ ಇತರರಿಗೂ ಉಪಯೋಗವಾದೀತೆಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಕಿನವರು ಎಕೋ ಎನ್ನುವುದರಲ್ಲಿ ಎರಡು ಸಂಗತಿಗಳು ಸೇರಿಕೊಂಡಿವೆ. ತರಗತಿಯ ಪಾಠವನ್ನು ನೆನಪಿಸಿಕೊಳ್ಳಿ. ನಮ್ಮ ದನಿ ಗೋಡೆಗೆ ಬಡಿದು ಸೆಕೆಂಡಿನ ಹತ್ತನೆಯ ಒಂದಂಶದಷ್ಟು ತಡವಾಗಿ ಮರಳಿದರೆ ಅದು ಬೇರೆಯಾಗಿಯೇ ಕೇಳಿಸುತ್ತದೆ, ಅದು ಪ್ರತಿಧ್ವನಿ. ಅದಕ್ಕೆ ಗೋಡೆಯು ಸುಮಾರು 17 ಮೀಟರಾದರೂ ದೂರವಿರಬೇಕು. ಕೋಣೆಯೊಳಗೆ ಸಾವಿರಾರು ಪ್ರತಿಫಲನಗಳು ಒಂದರ ಮೇಲೊಂದು ಬಿದ್ದು, ಸ್ವರ ನಿಂತ ಮೇಲೂ ನಾದ ಉಳಿದು ಕ್ರಮೇಣ ಕರಗುತ್ತದೆ, ಅದು ಅನುರಣನ. ಸ್ಟುಡಿಯೋದವರು ರಿವರ್ಬ್ ಎನ್ನುವುದು ಇದನ್ನೇ. ಹಾಡಿಗೆ ತುಂಬು ಮೈ ಕೊಡುವುದು ಅನುರಣನವೇ ಆದರೂ, ಅತಿಯಾದರೆ ಮಾತನ್ನು ನುಂಗುವುದೂ ಅದೇ. ವಿಜಾಪುರದ ಗೋಲಗುಮ್ಮಟಕ್ಕೆ ಪ್ರವಾಸ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಚಪ್ಪಾಳೆ ಸೊಗಸು. ನಾಲ್ಕು ಮಾತು ಆಡಿದರೆ ಒಂದೂ ತಿಳಿಯದು.

ಈ ವಿಷಯವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ವ್ಯಾಲೇಸ್ ಸೇಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಅಧ್ಯಾಪಕರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಉಂಟಾದ ನಾದ ಸುಮಾರು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಸೇಬಿನ್ ರಾತ್ರಿಯ ವೇಳೆ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ತಂದು ಹರಡಿ, ಎಷ್ಟು ಮೆತ್ತೆಗೆ ಎಷ್ಟು ನಾದ ಇಳಿಯುತ್ತದೆಂದು ಅಳೆದರು. ಅವರ ಸೂತ್ರ ಸರಳವಾದುದು: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ನಾದವನ್ನು ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಅನುರಣನ ಕಾಲ ದೊರೆಯುತ್ತದೆ.

ನಮ್ಮ ಹುಡುಗನ ಕೋಣೆ 3.6 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರ. ಘನಗಾತ್ರ 32.4 ಘನ ಮೀಟರು. ನೆಲ, ಗೋಡೆ, ತಾರಸಿ ಎಲ್ಲ ಸೇರಿ 61.2 ಚದರ ಮೀಟರು. ಸಿಮೆಂಟಿನ ಗೋಡೆ, ನೆಲಕ್ಕೆ ಹಾಸಿದ ಟೈಲ್ಸ್ ನೂರರಲ್ಲಿ ಐದು ಪಾಲು ನಾದವನ್ನು ಹೀರುತ್ತವೆಂದಿಟ್ಟುಕೊಂಡರೆ ಅನುರಣನ ಕಾಲ ಸುಮಾರು 1.7 ಸೆಕೆಂಡು. ಅದೇ ಕೋಣೆಯ 12 ಚದರ ಮೀಟರಿಗೆ ದಪ್ಪ ಕಂಬಳಿ, ಹಳೆಯ ಹಾಸಿಗೆಗಳನ್ನು ತೂಗುಹಾಕಿ, ಅವು ಅರ್ಧದಷ್ಟು ಹೀರುತ್ತವೆಂದುಕೊಂಡರೆ ಅದು 0.6 ಸೆಕೆಂಡಿಗೆ ಇಳಿಯುತ್ತದೆ. ಕಾಸು ಖರ್ಚಿಲ್ಲದ ಮೊದಲ ಯಂತ್ರ ಕಂಬಳಿಯೇ ಎಂದಾಯಿತು!

ಸ್ಟುಡಿಯೋದವರು ಕೋಣೆಗೆ ಬದಲಿಯನ್ನು ಹುಡುಕುತ್ತಲೇ ಬಂದಿದ್ದಾರೆ. ಮೊದಲು ಬರಿದಾದ ಕೋಣೆಯಲ್ಲಿ ಧ್ವನಿವರ್ಧಕವನ್ನೂ ಮೈಕನ್ನೂ ಇಟ್ಟು ಅನುರಣನ ಪಡೆಯುತ್ತಿದ್ದರು. 1957ರಲ್ಲಿ ಜರ್ಮನಿಯ ಇಎಂಟಿ ಸಂಸ್ಥೆ ದೊಡ್ಡ ಉಕ್ಕಿನ ತಗಡನ್ನು ಕಂಪಿಸುವ ಯಂತ್ರವನ್ನು ತಂದಿತು. ಅದರ ತೂಕ ಸುಮಾರು 270 ಕಿಲೋ. 1976ರಲ್ಲಿ ಅದೇ ಸಂಸ್ಥೆಯಿಂದ ಲೆಕ್ಕಾಚಾರದಿಂದಲೇ ಅನುರಣನವನ್ನು ಹುಟ್ಟಿಸುವ ಡಿಜಿಟಲ್ ಯಂತ್ರ ಬಂತು. ಇಂದು ಅಂಥದೇ ಲೆಕ್ಕವನ್ನು ಮನೆಯ ಕಂಪ್ಯೂಟರೇ ಮಾಡುತ್ತದೆ. ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿಯೂ ರಿವರ್ಬ್ ಇದೆ.

ಆದುದರಿಂದ ಪ್ರಶ್ನೆ ಯಾವ ಯಂತ್ರ ಎಂಬುದಕ್ಕಿಂತ, ಅನುರಣನವನ್ನು ಯಾವಾಗ ಸೇರಿಸಬೇಕು ಎಂಬುದು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಸಂಬಂಧಿಕರ ಮನೆಯೊಂದರ ಹಿರಿಯರು ಮದುವೆಯ ಶೋಭಾನೆ ಹಾಡುಗಳ ಭಂಡಾರವೇ ಆಗಿದ್ದರು. ಮಕ್ಕಳು ಅಕ್ಕರೆಯಿಂದ ಅವರ ಹಾಡುಗಳನ್ನು ಮುದ್ರಿಸಿದರು. ಮುದ್ರಿಸಿದವರು “ಚಂದ ಕೇಳಲಿ” ಎಂದು ಧಾರಾಳವಾಗಿ ಎಕೋ ಬೆರೆಸಿಯೇ ಮುದ್ರಿಸಿಕೊಟ್ಟರು. ಆಗ ಎಲ್ಲರಿಗೂ ಮೆಚ್ಚುಗೆಯಾಯಿತು. ಆ ಹಿರಿಯರು ತೀರಿಕೊಂಡ ಮೇಲೆ ಮೊಮ್ಮಗಳೊಬ್ಬಳು ಹಾಡುಗಳನ್ನು ಬರೆದುಕೊಳ್ಳಲು ಕುಳಿತಳು. ರಾಗ ತಿಳಿಯುತ್ತದೆ, ಹಲವು ಸಾಲುಗಳಲ್ಲಿ ಮಾತೇ ತಿಳಿಯುವುದಿಲ್ಲ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದು ಒತ್ತಕ್ಷರಗಳು ಅಳಿಸಿಹೋಗಿವೆ. ಆ ಸಾಲುಗಳನ್ನು ಬಲ್ಲವರು ಈಗ ಯಾರೂ ಉಳಿದಿಲ್ಲ. ಅವಳ ಪುಸ್ತಕದಲ್ಲಿ ಅಲ್ಲಲ್ಲಿ ಚುಕ್ಕಿಗಳಷ್ಟೇ ಇವೆ.

ಬೆರೆತುಹೋದ ಅನುರಣನವನ್ನು ತಗ್ಗಿಸುವ ತಂತ್ರಾಂಶಗಳು ಈಗ ಬಂದಿರುವುದು ನಿಜ. ಆದರೆ ಮಸುಕಾದ ಅಕ್ಷರ ಇಂಥದೇ ಎಂದು ಅವು ಪ್ರಮಾಣ ಮಾಡಿ ಹೇಳಲಾರವು. ಹಾಲಿಗೆ ನೀರು ಬೆರೆಸುವುದು ಸುಲಭ. ಬೇರ್ಪಡಿಸಲು ಹಂಸವೇ ಬರಬೇಕು.

ಹಾಗಾಗಿ ನನ್ನ ಸಲಹೆ ಇಷ್ಟು. ಎಕೋ ಅಳವಡಿಸಿದ ಮಿಕ್ಸರನ್ನಾಗಲಿ, ಬಿಡಿ ಯಂತ್ರವನ್ನಾಗಲಿ ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳು: “ಈ ಎಕೋ ಹಾಡುವವರ ಕಿವಿಗೆ ಮಾತ್ರ ಹೋಗುವಂತೆ ಮಾಡಬಹುದೇ, ಇಲ್ಲ ಮುದ್ರಣಕ್ಕೂ ಹೋಗುತ್ತದೆಯೇ?” ಕಿವಿಗೆ ಮಾತ್ರ ಎಂದಾದರೆ ಅದು ನಿಜಕ್ಕೂ ಉಪಯುಕ್ತ. ಕಂಬಳಿ ಕಟ್ಟಿದ ಕೋಣೆಯಲ್ಲಿ ತನ್ನ ಸ್ವರ ಒಣಗಿದಂತೆ ಕೇಳಿಸಿದಾಗ ಹಿರಿಯ ಹಾಡುಗಾರರು ಗಂಟಲನ್ನು ಒತ್ತಿ ಆಯಾಸಪಡುತ್ತಾರೆ. ಹೆಡ್‌ಫೋನಿನಲ್ಲಿ ತುಸು ಅನುರಣನವಿದ್ದರೆ ನಿರಾಳವಾಗಿ ಹಾಡುತ್ತಾರೆ. ಮುದ್ರಣಕ್ಕೂ ಹೋಗುತ್ತದೆ ಎಂದಾದರೆ, ಎಕೋದ ಗುಂಡಿಯನ್ನು ಸೊನ್ನೆಗಿಡು.

ಶುದ್ಧ ಸ್ವರವನ್ನು 24 ಬಿಟ್‌ನ ವೇವ್ ಕಡತವಾಗಿ ಎರಡು ಕಡೆ ಕಾಪಿಡು. ಅನಂತರ ಅದರ ಪ್ರತಿಯೊಂದಕ್ಕೆ ಮಾತ್ರ ರಿವರ್ಬ್ ಸೇರಿಸು. ಅನುರಣನ ಕಾಲ ಒಂದು, ಒಂದೂವರೆ ಸೆಕೆಂಡು ಸಾಕು. ಅನುರಣನ ಆರಂಭವಾಗುವುದನ್ನು 20ರಿಂದ 40 ಮಿಲಿಸೆಕೆಂಡು ತಡಮಾಡಿದರೆ ವ್ಯಂಜನಗಳು ಮೊದಲು ಸ್ಪಷ್ಟವಾಗಿ ಕೇಳಿ, ನಾದ ಆಮೇಲೆ ಹಿಂಬಾಲಿಸುತ್ತದೆ. ಅನುರಣನದಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆಯನ್ನು ಕಡಿದುಬಿಡು. ಇಲ್ಲವಾದರೆ ಮದ್ದಳೆಯ ನಾದ ಕಲಸಿಹೋಗುತ್ತದೆ. ಪ್ರಮಾಣಕ್ಕೆ ನನ್ನ ಅಳತೆಗೋಲು ಹೀಗೆ: ಆ ಪದ್ಯವನ್ನು ಎಂದೂ ಕೇಳದ ಒಬ್ಬರನ್ನು ಕೂರಿಸಿ ಬರೆದುಕೊಳ್ಳಲು ಹೇಳು. ಒಂದು ಪದ ತಪ್ಪಿದರೂ ಅನುರಣನವನ್ನು ಇಳಿಸು.

ಇನ್ನು ಸಮಯದ ಮಾತು. ಹಗಲಿನಲ್ಲಿ ಶಿರಾಡಿ ಘಾಟಿಗೆ ಏರುವ ಲಾರಿಗಳ ಸದ್ದು, ಸಂಜೆಗೆ ಜೀರುಂಡೆಗಳ ಕಚೇರಿ. ಬೆಳಗಿನ ಜಾವವೇ ಲೇಸು. ತಂದೆಯವರ ಸ್ವರವೂ ಆಗ ಹದವಾಗಿರುತ್ತದೆ. ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಗುಂಡ್ಯದಲ್ಲಿ ತಿಂಗಳುಗಟ್ಟಲೆ ಮಾಡಿನ ಮೇಲಿನ ಸದ್ದನ್ನೇ ಮುದ್ರಿಸಬೇಕಾದೀತು. ರಿವರ್ಬನ್ನು ಮುಂದಿನ ವರ್ಷವೂ ಆರಿಸಬಹುದು. ಸ್ವರವನ್ನು ಈ ವರ್ಷವೇ ಹಿಡಿದಿಡು.